ಬೆಳಗ್ಗೆ ನಾನೂರೈವತ್ತು, ಸಂಜೆ ಐನೂರು

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಬಡ್ಡಿ ಲೆಕ್ಕ ಶುರು ಮಾಡಿದಾಗ ನನಗೆ ಅದು ಆಗಲೇ ಬರುತ್ತಿತ್ತು. ಬೋರ್ಡಿನ ಮೇಲೆ ‘ವರ್ಷಕ್ಕೆ ಶೇ 12’ ಅಂತ ಬರೆದರು. ನಾನು ಎದ್ದು ನಿಂತು, “ವರ್ಷಕ್ಕಾ ಸಾರ್?” ಅಂತ ಕೇಳಿದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ನನಗೆ ನಿಜವಾಗಿಯೂ ಆಶ್ಚರ್ಯ ಆಗಿತ್ತು. ಬಡ್ಡಿ ಅಂದರೆ ದಿನಕ್ಕೆ ಅಂತಲೇ ನಾನು ತಿಳಿದಿದ್ದೆ.

ಅಮ್ಮ ಹೂವು ಮಾರುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿನ ಶ್ರೀನಗರದಿಂದ ನಾಲ್ಕೈದು ಹೆಂಗಸರು ಒಂದೇ ಆಟೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತಿದ್ದರು. ಅಲ್ಲಿ ಒಬ್ಬನ ಹತ್ತಿರ ಅಮ್ಮ 450 ರೂಪಾಯಿ ಈಸಿಕೊಳ್ಳುತ್ತಿದ್ದಳು. ಆ ದುಡ್ಡಿಗೆ ಕಾಕಡ, ಸೇವಂತಿಗೆ, ಕನಕಾಂಬರ, ಒಂದಿಷ್ಟು ಮರುಗ, ತುಳಸಿ ಬುಟ್ಟಿಗೆ ಬೀಳುತ್ತಿತ್ತು. ಏಳು ಗಂಟೆಯೊಳಗೆ ವಾಪಸ್ ಬಂದು, ಬಾಳೆನಾರು ನೆನೆಹಾಕಿ, ದೇವಸ್ಥಾನದ ಪಕ್ಕ ಕೂತು ಕಟ್ಟುತ್ತಾ ಮಾರುತ್ತಾ ಇರುತ್ತಿದ್ದಳು. ಸಂಜೆ ಏಳಕ್ಕೆ ಅದೇ ಮನುಷ್ಯ ಬೈಕಿನಲ್ಲಿ ಬಂದು 500 ತಗೊಂಡು ಹೋಗುತ್ತಿದ್ದ. ಬೀದಿಯವರೆಲ್ಲ ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದರು. ಇದು 1997ರ ಮಾತು. ಪೇಪರಿನವರು ಇದಕ್ಕೆ ‘ಮೀಟರ್ ಬಡ್ಡಿ’ ಅನ್ನುತ್ತಾರೆ. ಆಟೋ ಮೀಟರ್ ಓಡಿದ ಹಾಗೆ ಓಡುತ್ತದೆ ಅಂತ ಆ ಹೆಸರು. ಐನೂರಕ್ಕೆ ಐವತ್ತು ಮೊದಲೇ ಹಿಡಿದುಕೊಂಡು ಕೊಡುವುದರಿಂದ ನಮ್ಮ ಬೀದಿಯಲ್ಲಿ ‘ನೂರಕ್ಕೆ ಹತ್ತು’ ಅಂದರೆ ಸಾಕಿತ್ತು.

ದಿನಕ್ಕೆ 50, ತಿಂಗಳಿಗೆ 1,500, ವರ್ಷಕ್ಕೆ 18,000. ಇದೆಲ್ಲ ಓಡಾಡುತ್ತಿದ್ದ ಒಂದೇ ಒಂದು 450 ರೂಪಾಯಿಗೆ. ಆ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಅಮ್ಮನಿಗೆ ತೋರಿಸಿದ್ದೆ. “ದಿನಾ ಹತ್ತು ರೂಪಾಯಿ ಎತ್ತಿಟ್ಟರೆ ನಲವತ್ತೈದು ದಿನಕ್ಕೆ ನಿನ್ನದೇ ಬಂಡವಾಳ ಆಗುತ್ತಮ್ಮ. ಆಮೇಲೆ ಅಣ್ಣ ಯಾಕೆ ಬೇಕು?” ಏನೋ ದೊಡ್ಡದು ಕಂಡುಹಿಡಿದ ಖುಷಿ ನನಗೆ. ಅಮ್ಮ ಹೂವು ಕಟ್ಟುವ ಕೈ ನಿಲ್ಲಿಸಲಿಲ್ಲ. “ಎತ್ತಿಟ್ಟಿದ್ದೆ. ಹೋದ ವರ್ಷ ನಿನಗೆ ಟೈಫಾಯಿಡ್ ಬಂತಲ್ಲ, ಅದಕ್ಕೇ ಹೋಯ್ತು” ಅಂದಳು.

ಬಡವರ ಸಾಲದ ಬಗ್ಗೆ ಆಮೇಲೆ ನಾನು ಓದಿದ್ದು ಬಹಳ. ಆ ಒಂದು ಮಾತಿನಷ್ಟು ಕಲಿಸಿದ್ದು ಕಡಿಮೆ. ಮನೆಯಲ್ಲಿ ಉಳಿದ ದುಡ್ಡು ಮನೆಯದಾಗಿಬಿಡುತ್ತದೆ. ಸಾಸಿವೆ ಡಬ್ಬಿಯಲ್ಲಿದ್ದರೂ ಅಷ್ಟೇ, ಅಕ್ಕಿ ಡ್ರಮ್ಮಿನಲ್ಲಿದ್ದರೂ ಅಷ್ಟೇ. ಜ್ವರ, ಹಬ್ಬ, ನಾದಿನಿಯ ಸೀಮಂತ, ಸ್ಕೂಲಿನ ಫೀಸು, ಯಾವುದೋ ಒಂದು ಬಂದು ಕೈ ಚಾಚುತ್ತದೆ. ಅಣ್ಣನ ದುಡ್ಡಿಗೆ ಆ ಭಯ ಇರಲಿಲ್ಲ. ಅದು ಬೆಳಗ್ಗೆ ಬಂದು ಸಂಜೆ ಹೋಗಿಬಿಡುತ್ತಿತ್ತು. ರಾತ್ರಿ ಮನೆಯಲ್ಲಿ ಮಲಗುತ್ತಲೇ ಇರಲಿಲ್ಲ.

ಇನ್ನೊಂದೂ ಇತ್ತು. ಅಪ್ಪನಿಗೆ ಆಕ್ಸಿಡೆಂಟ್ ಆದ ರಾತ್ರಿ ಹನ್ನೊಂದಕ್ಕೆ ಎರಡು ಸಾವಿರ ತಂದುಕೊಟ್ಟವನು ಅದೇ ಅಣ್ಣ. ಯಾವ ಬ್ಯಾಂಕೂ ಆ ಹೊತ್ತಿನಲ್ಲಿ ತೆಗೆದಿರುವುದಿಲ್ಲ. ದಿನಾ 50 ರೂಪಾಯಿ ಬಡ್ಡಿ ಕಟ್ಟುವವಳಿಗೆ ಆ ರಾತ್ರಿಯ ದುಡ್ಡು ಸಿಗುತ್ತದೆ. ಎರಡು ವಾರ ಅವನ ಹತ್ತಿರ ತಗೊಳ್ಳದೆ ಇದ್ದರೆ ಅವನಿಗೂ ಬೇಜಾರು, ಮುಂದಿನ ಆಪತ್ತಿಗೆ ನಮಗೂ ಯಾರಿಲ್ಲ. ಅವನು ಕಟುಕನೇನಲ್ಲ. ಧರ್ಮಾತ್ಮನೂ ಅಲ್ಲ. ದಿನದ ದುಡಿಮೆಯವರಿಗೆ ದಿನದ ದುಡ್ಡು ಬೇಕು ಅನ್ನುವುದು ಅವನಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಬೆಲೆ, ಅಲ್ಲ, ಅದಕ್ಕಿಂತ ಬಹಳ ಜಾಸ್ತಿ ಬೆಲೆ ಕಿತ್ತುಕೊಳ್ಳುತ್ತಿದ್ದ.

1998ರಲ್ಲಿ ನಮ್ಮ ವಠಾರದಲ್ಲಿ ಹೆಂಗಸರ ಸಂಘ ಶುರುವಾಯಿತು. ಹದಿನಾಲ್ಕು ಜನ. ಶನಿವಾರ ಮಧ್ಯಾಹ್ನ, ಹೂವಿನ ಗಿರಾಕಿ ಕಡಿಮೆ ಇರುವ ಹೊತ್ತಿಗೆ, ನೀರಿನ ಟ್ಯಾಂಕಿನ ನೆರಳಲ್ಲಿ ಮೀಟಿಂಗು. ವಾರಕ್ಕೆ 20 ರೂಪಾಯಿ ಉಳಿತಾಯ. ತಂದುಕೊಡದಿದ್ದರೆ ಎರಡು ರೂಪಾಯಿ ದಂಡ. ನಾನು ಪುಸ್ತಕ ಬರೆಯುವ ಕೆಲಸಕ್ಕೆ ಸಿಕ್ಕಿಬಿದ್ದೆ. ಅಕ್ಷರ ಬರುತ್ತಿದ್ದವರು ಅಲ್ಲಿ ಇಬ್ಬರೇ, ಅವರಿಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇರಲಿಲ್ಲ.

ಈ ಸಂಘಗಳ ಹುಟ್ಟು ನಮ್ಮಲ್ಲೇ, ಪಕ್ಕದ ಕೋಲಾರದ ಕಡೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 1980ರ ದಶಕದ ನಡುವಿನಲ್ಲಿ ಅಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. ಅವು ಒಡೆದುಹೋದವು. ದೊಡ್ಡವರು ಸೇರಿಕೊಂಡ ಕಡೆ ಚಿಕ್ಕವರಿಗೆ ಉಳಿಗಾಲ ಎಲ್ಲಿ? ಆದರೆ ಒಡೆದ ಸಂಘದಿಂದ ಹೊರಗೆ ಬಂದವರು ತಮ್ಮತಮ್ಮಲ್ಲೇ ಹತ್ತು ಹದಿನೈದು ಜನರ ಗುಂಪು ಮಾಡಿಕೊಂಡರು. ಹಳೇ ಸಾಲವನ್ನು ಈ ಗುಂಪಿಗೇ ಕಟ್ಟುತ್ತೇವೆ ಅಂದರು. ಒಬ್ಬರ ಮನೆ ಸಂಗತಿ ಇನ್ನೊಬ್ಬರಿಗೆ ಗೊತ್ತಿದ್ದವರು ಅವರು. ಮೈರಾಡ ಅದನ್ನು ಗಮನಿಸಿ, ಗುಂಪು ಕಟ್ಟುವ ಕೆಲಸವನ್ನೇ ಮುಂದುವರಿಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದಕ್ಕೆ ಹಣ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳಿಗೆ ಬ್ಯಾಂಕುಗಳಿಂದ ನೇರ ಸಾಲ ಕೊಡಿಸುವ ಪ್ರಯೋಗ ಶುರುವಾಯಿತು. ಆಸ್ತಿ ಪತ್ರ ಇಲ್ಲ, ಶೂರಿಟಿ ಇಲ್ಲ. ಇವತ್ತು ಹಳ್ಳಿಹಳ್ಳಿಗೂ ಸಂಘ ಇದೆ. ಅದು ಮೇಲಿನಿಂದ ಇಳಿದ ಯೋಜನೆ ಅಲ್ಲ, ಮುರಿದುಬಿದ್ದ ಒಂದರ ಚೂರಿನಿಂದ ಎದ್ದದ್ದು ಅನ್ನುವುದು ನನಗೆ ಯಾಕೋ ಬಹಳ ಇಷ್ಟ.

ಆರು ತಿಂಗಳಾದ ಮೇಲೆ ಅಮ್ಮನ ಸರದಿ ಬಂತು. 2,000 ರೂಪಾಯಿ, ಹತ್ತು ತಿಂಗಳು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಪುಸ್ತಕದಲ್ಲಿ ‘ಕಾರಣ’ ಅನ್ನುವ ಕಾಲಮ್ಮಿನಲ್ಲಿ ನಾನೇ ‘ಹೂವಿನ ವ್ಯಾಪಾರ’ ಅಂತ ಬರೆದೆ. ವ್ಯಾಪಾರಕ್ಕೆ ಹೋದದ್ದು 500. ಅಡವಿಟ್ಟಿದ್ದ ಓಲೆ ಬಿಡಿಸಲು 1,100. ಉಳಿದ 400 ನನ್ನ ಫೀಸಿಗೆ. ಸಂಘದ ಹದಿನಾಲ್ಕೂ ಜನಕ್ಕೆ ಇದು ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅವರ ‘ಹಪ್ಪಳ ವ್ಯಾಪಾರ’, ‘ಸೀರೆ ವ್ಯಾಪಾರ’ವೂ ಹೆಚ್ಚುಕಡಿಮೆ ಹೀಗೇ ಇತ್ತು.

ಮಾರನೇ ದಿನ ಬೆಳಗ್ಗೆ ಅಮ್ಮ ಮಾರ್ಕೆಟ್‌ನಲ್ಲಿ ತನ್ನದೇ 500 ತೆಗೆದು ಹೂವು ಕೊಂಡಳು. ಅಷ್ಟೇ. ಹೊಸ ಅಂಗಡಿ ಇಲ್ಲ, ಹೊಸ ಕಸುಬು ಇಲ್ಲ. ಬುಟ್ಟಿ ಅದೇ, ಜಾಗ ಅದೇ, ಗಿರಾಕಿಗಳೂ ಅವರೇ. ಸಂಜೆ ಬೈಕ್ ಬಂದಾಗ, “ಇವತ್ತು ತಗೊಂಡಿಲ್ಲಣ್ಣ” ಅಂದಳು. ದಿನಕ್ಕೆ 50 ಉಳಿಯಿತು. ತಿಂಗಳಿಗೆ 1,500 ಉಳಿಯುವ ಕಡೆ ಸಂಘಕ್ಕೆ ಮೊದಲ ಕಂತು ಕಟ್ಟಿದ್ದು 240. ಆ ವರ್ಷ ನಮ್ಮ ಮನೆಯಲ್ಲಿ ಸಂಜೆ ಹಾಲು ತರಿಸಲು ಶುರುವಾಯಿತು. ಬಡತನ ಹೋಯಿತು ಅಂತ ಹೇಳಲಾರೆ. ಸಂಜೆಯ ಕಾಫಿ ಬಂತು ಅಂತ ಹೇಳಬಲ್ಲೆ.

ಸಾಲ ಕೊಟ್ಟರೆ ಬಡವರು ಉದ್ಯಮಿಗಳಾಗುತ್ತಾರೆ ಅನ್ನುವ ಮಾತನ್ನು ಭಾಷಣಗಳಲ್ಲಿ ಕೇಳುತ್ತೇವಲ್ಲ, ನನ್ನ ತಕರಾರು ಅದರ ಜೊತೆ. ಅಮ್ಮ ಸಾಲ ಸಿಗುವ ಮೊದಲೇ ವ್ಯಾಪಾರಿ. ಕನಕಾಂಬರ ಯಾವತ್ತು ಏರುತ್ತದೆ, ಯಾವ ಮದುವೆ ಮುಹೂರ್ತಕ್ಕೆ ಎಷ್ಟು ಮಲ್ಲಿಗೆ ಎತ್ತಬೇಕು, ಯಾವ ಗಿರಾಕಿಗೆ ಒಂದು ಮೊಳದಲ್ಲಿ ಎರಡು ಬೆರಳು ಜಾಸ್ತಿ ಅಳೆಯಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಒಳ್ಳೇ ಸಾಲ ಮಾಡಿದ್ದು ಇಷ್ಟೇ: ಕೆಟ್ಟ ಸಾಲದ ಜಾಗದಲ್ಲಿ ಬಂದು ಕೂತಿತು. ಬಾಂಗ್ಲಾದೇಶದ ಪ್ರಸಿದ್ಧ ಕತೆಯೂ ಶುರುವಾದದ್ದು ಹೀಗೇ. 1976ರಲ್ಲಿ ಚಿತ್ತಗಾಂಗ್ ಹತ್ತಿರದ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನಸ್ ಬಿದಿರಿನ ಪೀಠ ಹೆಣೆಯುವ ಒಬ್ಬ ಹೆಂಗಸನ್ನು ಮಾತಾಡಿಸಿದರು. ಬಿದಿರು ಕೊಳ್ಳಲು ಸಾಲ ಕೊಟ್ಟವನಿಗೇ ಅವಳು ಪೀಠ ಮಾರಬೇಕು, ಅವನು ಹೇಳಿದ ರೇಟಿಗೆ. ದಿನವೆಲ್ಲ ಹೆಣೆದರೂ ಕೈಗೆ ಉಳಿಯುವುದು ಪುಡಿಗಾಸು. ಆ ಊರಿನಲ್ಲಿ ಹೀಗೆ ಸಿಕ್ಕಿಕೊಂಡ 42 ಜನರ ಸಾಲವನ್ನೆಲ್ಲ ಕೂಡಿದರೆ 856 ಟಾಕಾ ಆಯಿತು. ಅವರೇ ಹೇಳುವ ಲೆಕ್ಕಕ್ಕೆ ಸುಮಾರು 27 ಡಾಲರ್. ಅವರು ಜೇಬಿನಿಂದಲೇ ಕೊಟ್ಟರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ 42 ಜನರೂ ಮೊದಲೇ ಏನೋ ಒಂದು ಮಾಡಿಕೊಂಡಿದ್ದವರು. ಯೂನಸ್ ಅವರಿಗೆ ಕಸುಬು ಕೊಡಲಿಲ್ಲ. ಕುತ್ತಿಗೆಯ ಹಗ್ಗ ಸಡಿಲ ಮಾಡಿದರು. ಆಮೇಲೆ ಪ್ರಚಾರದಲ್ಲಿ ಈ ಎರಡನೆಯ ಮಾತು ಹಿಂದೆ ಸರಿಯಿತು, ಸಾಲ ಪಡೆದು ಹೊಸ ವ್ಯಾಪಾರ ಶುರು ಮಾಡಿದವರ ಫೋಟೋಗಳು ಮುಂದೆ ಬಂದವು.

ಅಂಥ ಫೋಟೋದ ಆಸೆ ನಮಗೂ ಹುಟ್ಟಿತ್ತು. 2001ರಲ್ಲಿ ಸಂಘದ ಮೂಲಕ ಬ್ಯಾಂಕಿನಿಂದ 15,000 ಸಿಕ್ಕಿತು. ಬುಟ್ಟಿ ಬಿಟ್ಟು ಅಂಗಡಿ ಮಾಡೋಣ ಅಂತ ಹುಚ್ಚು ಹಿಡಿಸಿದವಳು ನಾನೇ. ಪೂಜಾ ಸಾಮಾನಿನ ಅಂಗಡಿ. ಕರ್ಪೂರ, ಊದುಬತ್ತಿ, ಅರಿಶಿನ ಕುಂಕುಮ, ಗೆಜ್ಜೆವಸ್ತ್ರ. ಒಂದೂವರೆ ವರ್ಷಕ್ಕೆ ಬಾಗಿಲು ಹಾಕಿದೆವು. ಹೂವು ಬೆಳಗ್ಗೆ ತಂದರೆ ಸಂಜೆಗೆ ದುಡ್ಡಾಗುತ್ತದೆ. ಆಗದಿದ್ದರೆ ಬಾಡುತ್ತದೆ, ಬಿಸಾಡಿ ಮರೆಯಬಹುದು. ಕರ್ಪೂರದ ಡಬ್ಬಿ ಮೂರು ತಿಂಗಳು ಕಪಾಟಿನಲ್ಲಿ ಕೂತು ನಮ್ಮನ್ನೇ ನೋಡುತ್ತಿರುತ್ತದೆ. ತಿಂಗಳ ಬಾಡಿಗೆ ಬೇರೆ. ಹೂವನ್ನು ಯಾರೂ ಉದ್ರಿ ಕೇಳುತ್ತಿರಲಿಲ್ಲ, ಅಂಗಡಿ ಅಂದ ಕೂಡಲೇ ಬೀದಿಗೆ ಬೀದಿಯೇ ‘ಬರೆದುಕೊಳ್ಳಿ’ ಅನ್ನಲು ಶುರು ಮಾಡಿತು. ಅಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ಕೈ ಸುಮ್ನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅದನ್ನು ನೋಡಿದಾಗಲೇ ನನಗೆ ಅರ್ಥ ಆಗಬೇಕಿತ್ತು. ಸಾಲ ತೀರಿಸಲು ಅವಳಿಗೆ ಮತ್ತೆ ಎರಡು ವರ್ಷ ಬುಟ್ಟಿಯೇ ಬೇಕಾಯಿತು.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಜೊತೆಗಾರರು ಹೈದರಾಬಾದಿನಲ್ಲಿ ಮಾಡಿದ ಅಧ್ಯಯನ ಓದುವಾಗ ನನಗೆ ಆ ಸ್ಟೂಲು ನೆನಪಾಯಿತು. 104 ಬಡ ಬಡಾವಣೆಗಳನ್ನು ತೆಗೆದುಕೊಂಡು, ಅದರಲ್ಲಿ ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ಆರಿಸಿ, ಅಲ್ಲಿ ಮಾತ್ರ ಮೊದಲು ಕಿರುಸಾಲದ ಕಂಪನಿ ಶಾಖೆ ತೆರೆಯಿತು. ಒಂದೂವರೆ ವರ್ಷದ ಹೊತ್ತಿಗೆ ಎರಡನ್ನೂ ಹೋಲಿಸಿದರು. ಸಾಲ ಸಿಕ್ಕ ಕಡೆ ವ್ಯಾಪಾರಕ್ಕೆ ಹಾಕಿದ ದುಡ್ಡು ಹೆಚ್ಚಿತ್ತು. ಹೊಲಿಗೆ ಯಂತ್ರ, ಗಾಡಿಯಂಥ ಬಾಳುವ ಸಾಮಾನು ಬಂದಿತ್ತು. ತಂಬಾಕು, ಟೀ ಅಂಥ ಖರ್ಚು ಕಡಿಮೆ ಆಗಿತ್ತು. ಆದರೆ ಸರಾಸರಿ ಮನೆಖರ್ಚು ಮೇಲೆ ಹೋಗಿರಲಿಲ್ಲ. ಮಕ್ಕಳ ಓದಿನಲ್ಲಿ, ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ವರ್ಷಗಳು ಕಳೆದ ಮೇಲೆ ಮತ್ತೆ ಹೋಗಿ ನೋಡಿದಾಗ ಇನ್ನೊಂದು ಕಂಡಿತು. ಸಾಲ ಬರುವ ಮೊದಲೇ ವ್ಯಾಪಾರ ಇದ್ದವರು ಚೆನ್ನಾಗಿ ಬೆಳೆದಿದ್ದರು. ಸಾಲ ಸಿಗುತ್ತದೆ ಅಂತ ವ್ಯಾಪಾರಕ್ಕೆ ಇಳಿದವರು ಇದ್ದಲ್ಲೇ ಇದ್ದರು. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊಗಳಲ್ಲೂ ಇಂಥ ಅಧ್ಯಯನ ನಡೆದು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಎಲ್ಲದರ ಸಾರ ಹೆಚ್ಚುಕಡಿಮೆ ಒಂದೇ. ಸ್ವಲ್ಪ ಒಳ್ಳೆಯದಾಯಿತು, ಬದುಕೇನೂ ಬದಲಾಗಲಿಲ್ಲ.

ಬುಟ್ಟಿಯಿಂದ ಅಂಗಡಿಗೆ ಹೋಗುವುದನ್ನು ನಾವು ಮೆಟ್ಟಿಲು ಹತ್ತಿದ ಹಾಗೆ ಅಂದುಕೊಂಡಿದ್ದೆವು. ಅದು ಬೇರೆ ಕಸುಬು.

ಈಗ ಚಿಕ್ಕಮ್ಮನ ಕತೆ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳದಿದ್ದರೆ ಅಮ್ಮನ ಕತೆ ಅರ್ಧ ಸುಳ್ಳಾಗುತ್ತದೆ.

ಚಿಕ್ಕಮ್ಮ ಚನ್ನಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ ಇರುವುದು. 2022ರಲ್ಲಿ ಒಂದು ಕಿರುಸಾಲದ ಕಂಪನಿಯಿಂದ 45,000 ಸಾಲ ತೆಗೆದು ಸೀಮೆಹಸು ಕೊಂಡಳು. ಎರಡು ವರ್ಷ, ವಾರಕ್ಕೆ 550ರ ಹತ್ತಿರ ಕಂತು. ಹಸು ಒಳ್ಳೇದೇ. ಡೇರಿಯಿಂದ ಬಟವಾಡೆ ಬಂದಾಗ ಹಿಂಡಿ, ಬೂಸಾ ಕಳೆದು ವಾರಕ್ಕೆ ಒಂದು ಸಾವಿರದಷ್ಟು ಉಳಿಯುತ್ತಿತ್ತು. ಕಂತು ಕಟ್ಟಿ, ಮನೆಗೂ ಸ್ವಲ್ಪ ಆಗುತ್ತಿತ್ತು. ಏಳೆಂಟು ತಿಂಗಳು ಚಿಕ್ಕಮ್ಮ ಫೋನಿನಲ್ಲಿ ಹಸುವಿನ ಮಾತು ಬಿಟ್ಟು ಬೇರೆ ಆಡಿದವಳಲ್ಲ.

ಆಮೇಲೆ ಹಾಲು ಇಳಿಯಿತು. ಹಸು ಅಂದರೆ ಹಾಗೇ ಅಲ್ವಾ? ಕರು ಹಾಕುವ ಮೊದಲು ಎರಡು ತಿಂಗಳು ಹಾಲು ಬಿಡಿಸಬೇಕು. ಸರಿಯಾದ ಹೊತ್ತಿಗೆ ಗಬ್ಬ ನಿಂತರೆ ಆ ಎರಡು ತಿಂಗಳಿಗೇ ಮುಗಿಯುತ್ತದೆ. ಅವಳ ಹಸು ಮೂರು ಸಲ ಇಂಜೆಕ್ಷನ್ ಹಾಕಿಸಿದರೂ ನಿಲ್ಲಲಿಲ್ಲ. ಐದಾರು ತಿಂಗಳು ಕೊಟ್ಟಿಗೆಯಲ್ಲಿ ಮೇವು ತಿನ್ನುವ ಬಾಯಿ ಇತ್ತು, ಹಾಲಿಲ್ಲ. ಕಂತಿಗೆ ಇದೇನೂ ಗೊತ್ತಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ಕಂತು ಎತ್ತುವ ಸೆಂಟರ್ ಮೀಟಿಂಗ್ ಅಂದರೆ ಸೋಮವಾರ ಬೆಳಗ್ಗೆ ಎಂಟಕ್ಕೇ. ಒಬ್ಬಳು ತರದಿದ್ದರೆ ಗುಂಪಿನ ಉಳಿದವರನ್ನು ಕೂರಿಸಿಕೊಳ್ಳುತ್ತಾರೆ. ಕೆಲಸಕ್ಕೆ ಹೋಗಬೇಕಾದ ಹೆಂಗಸರು ಅವರೆಲ್ಲ. ಅವರ ಬೈಗುಳಕ್ಕಿಂತ ಸಾಲವೇ ಮೇಲು ಅಂತ ಚಿಕ್ಕಮ್ಮ ಇನ್ನೊಂದು ಕಂಪನಿಯಿಂದ 30,000 ತಂದಳು. ಅದರಲ್ಲಿ ಅರ್ಧ ಕಂತಿಗೆ, ಅರ್ಧ ಚಿಕ್ಕಪ್ಪನ ಆಟೋ ಇಂಜಿನ್ನಿಗೆ ಹೋಯಿತು. ಮೂರನೆಯದು ಎರಡನೆಯದರ ಕಂತಿಗೆ. 2024ರ ಕೊನೆಗೆ ಅವಳ ವಾರ ಹೀಗಿತ್ತು: ಸೋಮವಾರ ಒಬ್ಬರು, ಬುಧವಾರ ಒಬ್ಬರು, ಶುಕ್ರವಾರ ಒಬ್ಬರು. ದೇವರ ವಾರ ಮಾಡುತ್ತಾರಲ್ಲ, ಹಾಗೆ. ಒಂದು ಶುಕ್ರವಾರ ಕಂತಿನ ಹುಡುಗ ರಾತ್ರಿ ಒಂಬತ್ತರವರೆಗೂ ಜಗಲಿ ಬಿಟ್ಟು ಏಳಲಿಲ್ಲ. ಚಿಕ್ಕಮ್ಮ ಒಳಗೆ ದೀಪ ಆರಿಸಿಕೊಂಡು ಕೂತಿದ್ದಳಂತೆ. ಆ ಹುಡುಗನಿಗೂ ಅವತ್ತು ಟಾರ್ಗೆಟ್ ಇತ್ತು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಅವತ್ತು ಹೊಳೆದಿದ್ದರೂ ಸಿಟ್ಟು ಕಡಿಮೆ ಆಗುತ್ತಿರಲಿಲ್ಲ.

ಅವಳೊಬ್ಬಳದೇ ಅಲ್ಲ. 2025ರ ಜನವರಿಯಲ್ಲಿ ಪೇಪರ್ ತೆರೆದರೆ ಇದೇ ಸುದ್ದಿ. ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಆತ್ಮಹತ್ಯೆಗಳಾದವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಗೆ ಹಿಂಸೆ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದು ಮೊದಲ ಸಲವೂ ಅಲ್ಲ. 2009ರಲ್ಲಿ ಕೋಲಾರ, ರಾಮನಗರದಂಥ ರೇಷ್ಮೆ ಊರುಗಳಲ್ಲಿ ಗುಂಪುಗುಂಪಾಗಿ ಜನ ಕಂತು ಕಟ್ಟುವುದನ್ನೇ ನಿಲ್ಲಿಸಿದ್ದರು. 2010ರಲ್ಲಿ ಆಂಧ್ರದಲ್ಲಿ ಆದದ್ದು ಇನ್ನೂ ದೊಡ್ಡದು. ಸರ್ಕಾರದ ಸುಗ್ರೀವಾಜ್ಞೆ ಬಂದ ಮೇಲೆ ಅಲ್ಲಿ ಕಿರುಸಾಲದ ವ್ಯವಹಾರವೇ ನಿಂತುಹೋಯಿತು. ಸಂಘಗಳು ಹುಟ್ಟಿದ ಕೋಲಾರದಲ್ಲೇ ಕಂತು ನಿಂತದ್ದು ನೋಡಿ.

ಕಾಗದದ ಮೇಲೆ ನಿಯಮ ಇಲ್ಲ ಅಂತಲ್ಲ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಮನೆಗೆ ಕೊಡುವ ಇಂಥ ಸಾಲಕ್ಕೆ ಅಡಮಾನ ಕೇಳಬಾರದು, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ತೊಂದರೆ ಎಲ್ಲಿ ಅಂದರೆ, ‘ತಿಂಗಳ ಆದಾಯ’ ಅನ್ನುವುದೇ ಚಿಕ್ಕಮ್ಮನ ಮನೆಯಲ್ಲಿ ಇಲ್ಲ. ಹಾಲಿರುವ ತಿಂಗಳು ಒಂದು ಆದಾಯ, ಹಾಲಿಲ್ಲದ ತಿಂಗಳು ಇನ್ನೊಂದು. ಫಾರಂ ತುಂಬಿಸಲು ಬಂದ ಹುಡುಗ ಕೇಳಿದ್ದು ಹಾಲಿರುವ ತಿಂಗಳಲ್ಲಿ. ಸಾಲ ಬೇಕಾದವಳು ಆಗ ಏನು ಹೇಳುತ್ತಾಳೆ?

ಎಲ್ಲರೂ ಬಡ್ಡಿ ದರದ ಬಗ್ಗೆ ಮಾತಾಡುತ್ತಾರೆ. ಮಾತಾಡಲಿ, ತಪ್ಪಿಲ್ಲ. ‘ಶೇ 12 ಮಾತ್ರ’ ಅಂತ ಹೇಳಿ, ಕಟ್ಟಿದ ಅಸಲಿನ ಮೇಲೂ ವರ್ಷವಿಡೀ ಬಡ್ಡಿ ಹಾಕಿದರೆ ನಿಜವಾದ ದರ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಇದನ್ನು ಸಾಲ ತೆಗೆಯುವ ಪ್ರತಿಯೊಬ್ಬರಿಗೂ ಹೇಳಿಕೊಡಬೇಕು. ಆದರೆ ಅಮ್ಮನನ್ನೂ ಚಿಕ್ಕಮ್ಮನನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ಅಮ್ಮನ ಸಂಘದ ಬಡ್ಡಿ ವರ್ಷಕ್ಕೆ ಶೇ 24. ಚಿಕ್ಕಮ್ಮನ ಕಂಪನಿಯ ಬಡ್ಡಿಯೂ ಆಸುಪಾಸು ಅಷ್ಟೇ. ಒಬ್ಬಳು ಎದ್ದಳು, ಒಬ್ಬಳು ಬಿದ್ದಳು. ಹೂವಿಗೆ ದಿನಾ ದುಡ್ಡು ಬರುತ್ತದೆ, ವಾರದ ಕಂತು ಅದಕ್ಕೆ ಭಾರವಲ್ಲ. ಹಸುವಿಗೆ ಬೇರೆ ಪಂಚಾಂಗ ಇದೆ. ಕಂಪನಿಯ ಕ್ಯಾಲೆಂಡರಿನಲ್ಲಿ ಎಲ್ಲ ವಾರವೂ ಒಂದೇ ಅಗಲ.

ಕಂಪನಿಯವರು ಯಾಕೆ ಹೀಗೆ ಮಾಡುತ್ತಾರೆ ಅಂದರೆ, ಬೇಗ ಶುರು ಮಾಡಿ ವಾರವಾರ ಚಿಕ್ಕಚಿಕ್ಕದಾಗಿ ಎತ್ತಿದರೆ ವಸೂಲಿ ಚೆನ್ನಾಗಿ ಆಗುತ್ತದೆ ಅನ್ನುವುದು ಅವರ ನಂಬಿಕೆ. ಕಂತು ಬೇಗ ಶುರು ಮಾಡುವುದರಿಂದ ಏನಾಗುತ್ತದೆ ಅಂತ ಕೊಲ್ಕತ್ತಾದಲ್ಲಿ ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಜೊತೆಯವರು ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ಎಂದಿನ ಹಾಗೆ ಸಾಲ ಕೊಟ್ಟ ಎರಡು ವಾರಕ್ಕೆ ಕಂತು ಶುರು. ಇನ್ನು ಕೆಲವರಿಗೆ ಎರಡು ತಿಂಗಳು ಬಿಡುವು. ವ್ಯತ್ಯಾಸ ಇಷ್ಟೇ. ಬಿಡುವು ಸಿಕ್ಕವರು ದುಡ್ಡನ್ನು ಕಂತಿಗಾಗಿ ಎತ್ತಿಟ್ಟುಕೊಳ್ಳದೆ ವ್ಯಾಪಾರಕ್ಕೆ ಹಾಕಿದರು. ಮೂರು ವರ್ಷದ ನಂತರ ಅವರ ಲಾಭ ಸುಮಾರು ಶೇ 40ರಷ್ಟು ಜಾಸ್ತಿ ಇತ್ತು. ಜೊತೆಗೆ ಸಾಲ ಕಟ್ಟದವರ ಸಂಖ್ಯೆಯೂ ಅವರಲ್ಲೇ ಜಾಸ್ತಿ. ಧೈರ್ಯ ಮಾಡಿದ ಮೇಲೆ ಕೆಲವರು ಮುಳುಗುವುದು ಇದ್ದದ್ದೇ. ಸಾಲ ಕೊಡುವವನಿಗೆ ಈ ಮುಳುಗಿದವರಷ್ಟೇ ಕಾಣುತ್ತಾರೆ. ಈಜಿದವರ ಲಾಭ ಅವನ ಪುಸ್ತಕಕ್ಕೆ ಬರುವುದಿಲ್ಲವಲ್ಲ.

ಚಿಕ್ಕಮ್ಮನಿಗೆ ಏನು ಬೇಕಿತ್ತು ಅಂತ ಈಗ ಕೂತು ಯೋಚಿಸಿದರೆ ನಗು ಬರುತ್ತದೆ. ಜಾಸ್ತಿ ಸಾಲ ಬೇಕಿತ್ತು. ಒಂದು ಹಸುವಿನ ಬದಲು ಎರಡು. ಒಂದು ಕರೆಯುವಾಗ ಒಂದು ಗಬ್ಬ. ಹಾಲು ವರ್ಷವಿಡೀ ಇರುತ್ತಿತ್ತು. ಅವಳ ಪಕ್ಕದ ಮನೆಯವರು ಎರಡು ಹಸು ಕಟ್ಟಿಕೊಂಡು ಆರಾಮಾಗಿದ್ದಾರೆ. 45,000 ಅವಳಿಗೆ ಬಹಳ ಕಡಿಮೆ ಸಾಲ. ಆದರೆ ಅದೇ ಕಂಪನಿಗಳು ಎರಡು ವರ್ಷದಲ್ಲಿ ಚೂರುಚೂರಾಗಿ ಒಂದು ಲಕ್ಷದ ಹತ್ತಿರ ಕೊಟ್ಟವು, ಎರಡನೇ ಹಸುವಿಗೆ ಮಾತ್ರ ಕೊಡಲಿಲ್ಲ.

ಆಟೋ ಇಂಜಿನ್ನಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸುಮ್ನೆ ದುಡ್ಡು ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಗಂಡಸರ ವ್ಯಾಪಾರ ಬೆಳೆಯಿತು, ಹೆಂಗಸರದ್ದು ಬೆಳೆಯಲಿಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂತ ಅದನ್ನು ಓದಿಬಿಡಬಹುದಿತ್ತು. ಆಮೇಲೆ ಬೇರೆಯವರು ಅದೇ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದರು. ಗಂಡನದೂ ಒಂದು ವ್ಯಾಪಾರ ಇರುವ ಮನೆಯಲ್ಲಿ ಹೆಂಡತಿಯ ದುಡ್ಡು ಅದಕ್ಕೆ ಹರಿದುಹೋಗಿತ್ತು. ಮನೆಯಲ್ಲಿ ಅವಳದೊಂದೇ ವ್ಯಾಪಾರ ಇದ್ದ ಕಡೆ ಅವಳದ್ದೂ ಚೆನ್ನಾಗಿಯೇ ಬೆಳೆದಿತ್ತು. ನಮ್ಮ ವಠಾರದಲ್ಲಿ ಯಾರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು. ಸಾಲ ಅವಳ ಹೆಸರಲ್ಲಿ, ಕಂತು ಅವಳ ತಲೆ ಮೇಲೆ, ಇಂಜಿನ್ನು ಇವನದು.

ಹಾಗಾದರೆ ದುಡಿಮೆಯ ಲಯಕ್ಕೆ ತಕ್ಕ ಹಾಗೆ ದುಡ್ಡಿನ ವ್ಯವಹಾರ ಯಾರೂ ಮಾಡಲೇ ಇಲ್ಲವಾ? ಮಾಡಿದ್ದಾರೆ, ನಮ್ಮ ಉಡುಪಿಯವರೇ. 1925ರಲ್ಲಿ ಅಲ್ಲಿ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ ಉಪೇಂದ್ರ ಪೈ, ಡಾಕ್ಟರ್ ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡು ಆಣೆ ಎತ್ತಿಕೊಂಡು ಹೋಗುತ್ತಿದ್ದ. ಇವತ್ತಿಗೂ ನಮ್ಮ ಊರುಗಳಲ್ಲಿ ಪಿಗ್ಮಿ ಅಂದರೆ ಗೊತ್ತಿಲ್ಲದ ಅಂಗಡಿಯವರಿಲ್ಲ. ನೋಡಿ, ನಮ್ಮ ಮೀಟರ್ ಬಡ್ಡಿಯ ಅಣ್ಣನೂ ದಿನಾ ಸಂಜೆ ಬರುತ್ತಿದ್ದ, ಪಿಗ್ಮಿಯವರೂ ದಿನಾ ಸಂಜೆ ಬರುತ್ತಿದ್ದರು. ಇಬ್ಬರಿಗೂ ಒಂದೇ ಗುಟ್ಟು ತಿಳಿದಿತ್ತು, ರಾತ್ರಿ ಮನೆಯಲ್ಲಿ ಮಲಗಿದ ದುಡ್ಡು ಬೆಳಗ್ಗೆಗೆ ಇರುವುದಿಲ್ಲ ಅಂತ. ಒಬ್ಬ ಅದರಿಂದ ವರ್ಷಕ್ಕೆ 18,000 ಕಿತ್ತ. ಇನ್ನೊಬ್ಬರು ಅದನ್ನೇ ಕೂಡಿಸಿ ಬಡ್ಡಿ ಸೇರಿಸಿ ವಾಪಸ್ ಕೊಟ್ಟರು. ಅಂಗಡಿ ಮುಚ್ಚಿದ ಮೇಲೆ ಅಮ್ಮನ ಬಂಡವಾಳ ಕಾಪಾಡಿದ್ದು ಸಂಘಕ್ಕಿಂತ ಹೆಚ್ಚಾಗಿ ದಿನಕ್ಕೆ 30 ರೂಪಾಯಿಯ ಪಿಗ್ಮಿ.

ಸರ್ಕಾರಗಳೂ ಬೀದಿ ವ್ಯಾಪಾರಿಗಳ ಕಡೆ ನೋಡಿವೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ‘ಬಡವರ ಬಂಧು’ ಬಂತು, ಸಹಕಾರ ಬ್ಯಾಂಕಿನಿಂದ 10,000ದವರೆಗೆ ಬಡ್ಡಿ ಇಲ್ಲದ ಸಾಲ. ಮೀಟರ್ ಬಡ್ಡಿಯಿಂದ ಬಿಡಿಸಬೇಕು ಅಂತಲೇ ತಂದದ್ದು. 2020ರ ಜೂನ್‌ನಲ್ಲಿ ಕೇಂದ್ರದ ಸ್ವನಿಧಿ ಬಂತು. 2025ರಲ್ಲಿ ಬದಲಾಗುವವರೆಗೆ ಮೊದಲ ಸಲ 10,000, ಒಂದು ವರ್ಷದಲ್ಲಿ ಕಟ್ಟಿದರೆ 20,000, ಆಮೇಲೆ 50,000 ಸಿಗುತ್ತಿತ್ತು. ಸರಿಯಾಗಿ ಕಟ್ಟಿದವರಿಗೆ ವರ್ಷದ ಬಡ್ಡಿ ದರದಲ್ಲಿ ಶೇ 7ರಷ್ಟು ವಾಪಸ್. ಅಮ್ಮನಿಗೆ ಸ್ವನಿಧಿ ಸಿಕ್ಕಿತು. ಆದರೆ ಸಿಕ್ಕಿದ್ದು ಆ ವರ್ಷದ ಪಿತೃಪಕ್ಷದಲ್ಲಿ. ಕೊರೊನಾ ಬೇರೆ. ದೇವಸ್ಥಾನ ತೆರೆದಿದ್ದರೂ ಜನ ಇಲ್ಲ, ಮದುವೆ ಇಲ್ಲ, ಪಿತೃಪಕ್ಷಕ್ಕೆ ಹೂವಿನ ರೇಟು ನೆಲಕ್ಕೆ. ಅಮ್ಮ 10,000ವನ್ನು ಹಾಗೇ ಬ್ಯಾಂಕಿನಲ್ಲಿ ಬಿಟ್ಟಳು. “ಆಯುಧಪೂಜೆಗೆ ಎರಡು ವಾರ ಮುಂಚೆ ಕೊಟ್ಟಿದ್ದರೆ ಸೇವಂತಿಗೆ ಎತ್ತುತ್ತಿದ್ದೆ. ಈಗ ಕೊಟ್ಟರೆ ಏನು ಮಾಡಲಿ, ಅಕ್ಕಿ ತಗೋಬೇಕು ಅಷ್ಟೇ” ಅಂದಳು. ಮೊದಲ ಎರಡು ಕಂತನ್ನು ಅದೇ ಸಾಲದ ದುಡ್ಡಿನಿಂದಲೇ ಕಟ್ಟಿದಳು.

ಅಮ್ಮನಿಗೆ ಈಗ ಅರವತ್ತಾರು. ಬೇಡ ಅಂದರೂ ವಾರಕ್ಕೆ ನಾಲ್ಕು ದಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಪಕ್ಕದಲ್ಲಿ ಹೊಸದಾಗಿ ಒಬ್ಬಳು ಹುಡುಗಿ ಬಂದಿದ್ದಾಳೆ, ಚಿಕ್ಕ ಮಗು ಇದೆ. ಅವಳಿಗೆ ಅಮ್ಮ ಬೆಳಗ್ಗೆ ಸಾವಿರ ರೂಪಾಯಿ ಕೊಟ್ಟು ಸಂಜೆ ಸಾವಿರ ರೂಪಾಯಿಯೇ ತಗೊಳ್ಳುತ್ತಾಳೆ ಅಂತ ನನಗೆ ಹೋದ ಶ್ರಾವಣದಲ್ಲಿ ಗೊತ್ತಾಯಿತು.

“ಬಡ್ಡಿ ಏನೂ ಇಲ್ವಾ?”

“ಛೇ, ಬಡ್ಡಿ ಯಾಕೆ? ಸಂಜೆ ಅರ್ಧ ಮಾರು ಮಲ್ಲಿಗೆ ಕೊಟ್ಟು ಹೋಗ್ತಾಳೆ. ದೇವರಿಗೆ.”

ಅವತ್ತು ವರಮಹಾಲಕ್ಷ್ಮಿಯ ಹಿಂದಿನ ದಿನ. ಅರ್ಧ ಮಾರು ಮಲ್ಲಿಗೆ ನೂರು ರೂಪಾಯಿಗೆ ಕಡಿಮೆ ಇರಲಿಲ್ಲ. ಸಾವಿರಕ್ಕೆ ನೂರು. ನಾನು ಬಾಯಿಬಿಟ್ಟು ಹೇಳಿದೆ: “ಅಮ್ಮ, ನೂರಕ್ಕೆ ಹತ್ತಾಯ್ತು.”

ಅಮ್ಮನ ಕೈ ಒಂದು ಗಳಿಗೆ ನಿಂತಿತು. ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನನ್ನು ನೋಡಿದಳು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, “ಹಬ್ಬ ಮುಗಿಯೋವರೆಗೂ ನನಗೆ ತುಳಸಿ ಸಾಕು ಕಣೇ” ಅಂದಳು.